ಒಂಬತ್ತೂವರೆ ಸಾವಿರದ ತೂತು

(ಮದ್ದೂರಿನ ಪಕ್ಕದ ಒಂದು ಊರು, ಭಾನುವಾರ ಬೆಳಿಗ್ಗೆ, ಮನೆಯ ಜಗುಲಿ. ಮಾವ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಸೊಸೆ ಅವರ ಅಕ್ಕನ ಮಗಳು. ವಯಸ್ಸು 36, ಎಂಟನೇ ತರಗತಿಯ ಮಗಳು, ಮೂರನೇ ತರಗತಿಯ ಮಗ. ಬಿ.ಎಸ್ಸಿ. ಮಾಡಿ ಹದಿನೈದು ವರ್ಷದ ಮೇಲೆ ಮತ್ತೆ ಕಾಲೇಜಿಗೆ ಹೊರಟಿದ್ದಾಳೆ.)

ಸೊಸೆ: ಮಾವ, ಇದೊಂದು ಹಾಳೆ ನೋಡಿ. ಬಿ.ಇಡಿ. ಖರ್ಚಿನ ಪಟ್ಟಿ. ಮಂಡ್ಯದಲ್ಲಿ ಸೀಟು ಸಿಕ್ಕಿದೆ. ವರ್ಷಕ್ಕೆ 40,000ದಂತೆ ಎರಡು ವರ್ಷಕ್ಕೆ 80,000. ರೆಕಾರ್ಡು, ಚಾರ್ಟು, ಪರೀಕ್ಷೆ ಫೀಸು, ಕಾಲೇಜಿನ ಸೀರೆ ಎಲ್ಲ ಸೇರಿ 20,000. ಒಟ್ಟು ಒಂದು ಲಕ್ಷ.

ಮಾವ: ಬಸ್ಸಿನ ಮುಂದೆ ಸೊನ್ನೆ ಬರ್ದಿದ್ದೀಯ.

ಸೊಸೆ: ಶಕ್ತಿ ಯೋಜನೆ ಇದ್ಯಲ್ಲ. ಮದ್ದೂರಿಂದ ಮಂಡ್ಯಕ್ಕೆ ಆಧಾರ್ ಕಾರ್ಡ್ ತೋರಿಸಿದ್ರೆ ಮುಗೀತು.

ಮಾವ: ಒಳ್ಳೇದು. 2023ರ ಜೂನ್ 11ರಿಂದ ಹೆಣ್ಮಕ್ಕಳ ಓದಿನ ಲೆಕ್ಕದಲ್ಲಿ ಒಂದು ಸಾಲು ಕಮ್ಮಿಯಾಯ್ತು. ಸರಿ, ಇದ್ರಲ್ಲಿ ನಿನ್ನ ಸಂಬಳ ಎಲ್ಲವ್ವ?

ಸೊಸೆ: ಸಂಬಳ ಎಲ್ಲಿಂದ ಬರುತ್ತೆ? ಕೆಲಸ ಬಿಟ್ಟು ತಾನೆ ಓದಬೇಕು.

ಮಾವ: ಅದಕ್ಕೇ ಕೇಳಿದ್ದು. ತಿಂಗಳಿಗೆ 9,500 ತರ್ತಿದ್ದೆ. 24 ತಿಂಗಳಿಗೆ 2,28,000. ಫೀಸಿನ ಎರಡು ಪಟ್ಟಿಗಿಂತ ಜಾಸ್ತಿ. ಕೊಡೋ ದುಡ್ಡನ್ನ ಮಾತ್ರ ಖರ್ಚು ಅಂತ ಬರ್ದೆ. ಬಾರದೇ ಹೋಗೋ ದುಡ್ಡು ಹಾಳೆ ಮೇಲೆ ಬರ್ಲೇ ಇಲ್ಲ.

ಸೊಸೆ: ನಿಮ್ಮ ಲೆಕ್ಕ ತಪ್ಪು ಮಾವ. ಬೇಜಾರ್ ಮಾಡ್ಕೋಬೇಡಿ.

ಮಾವ: ಹೇಳು, ಹೇಳು.

ಸೊಸೆ: ಬಿ.ಇಡಿ. ಇಲ್ಲದವರನ್ನ ಬರೋ ಜೂನಿಂದ ಇಟ್ಕೊಳಲ್ಲ ಅಂತ ನಾನು ಪಾಠ ಮಾಡೋ ಸ್ಕೂಲಿನವರು ಬರೆದೇ ಕೊಟ್ಟಿದ್ದಾರೆ. ತರಬೇತಿ ಇಲ್ಲದ ಶಿಕ್ಷಕರಿಗೆ ಕಾನೂನು ಕೊಟ್ಟಿದ್ದ ಗಡುವು 2019ರ ಮಾರ್ಚ್‌ಗೇ ಮುಗೀತು. ಇಷ್ಟು ದಿನ ಇಟ್ಕೊಂಡಿದ್ದೇ ದೊಡ್ಡದು. ಹಾಗಾಗಿ ಓದು ನನ್ನಿಂದ ಕಿತ್ಕೊಳ್ಳೋದು ಎರಡು ವರ್ಷದ ಸಂಬಳ ಅಲ್ಲ, ಕಾಲೇಜು ಶುರುವಾಗೋ ಜನವರಿಯಿಂದ ಮೇ ತನಕದ್ದು ಅಷ್ಟೇ. 47,500.

ಮಾವ: (ಕನ್ನಡಕ ತೆಗೆದು ಒರೆಸಿಕೊಂಡು) ಹೌದಲ್ಲ. ಇರದ ಸಂಬಳನ ನಷ್ಟಕ್ಕೆ ಬರೀಬಾರ್ದು. ಆದ್ರೆ ಜೂನಿಂದ ಬೇರೆ ಕಡೆ ದುಡೀಬಹುದಿತ್ತಲ್ಲ? ಗಾರ್ಮೆಂಟ್ಸ್‌ಗೆ ಹೋದ್ರೆ ಕೈಗೆ 12,000 ಅಂದ್ಕೋ. ಎರಡು ವರ್ಷಕ್ಕೆ 2,88,000. ಅದನ್ನ ಬಿಟ್ಟು ಓದ್ತಿದ್ದೀಯ, ಅದನ್ನೇ ಬರಿ.

ಸೊಸೆ: ಬರ್ಕೊಳ್ಳಿ. ಫೀಸು ಸೇರಿ 3,88,000. ಬಿ.ಇಡಿ. ಆದ್ಮೇಲೆ ಖಾಸಗಿ ಹೈಸ್ಕೂಲಲ್ಲಿ 16,000 ಸಿಗುತ್ತೆ, ನಮ್ಮ ಜೊತೆಯವರಿಗೆ ಸಿಕ್ಕಿದೆ. ಗಾರ್ಮೆಂಟ್ಸ್‌ಗಿಂತ 4,000 ಜಾಸ್ತಿ. ಆ ನಾಲ್ಕು ಸಾವಿರದಲ್ಲಿ ತೀರಿಸೋಕೆ 97 ತಿಂಗಳು.

ಮಾವ: ಎಂಟು ವರ್ಷ ಕಣವ್ವ! ಓದು ಮುಗಿಯೋ ಹೊತ್ತಿಗೆ ನಿನಗೆ 38. ಅಲ್ಲಿಂದ ಎಂಟು ಅಂದ್ರೆ 46.

ಸೊಸೆ: ಅಲ್ಲಿಂದ ಅರವತ್ತರ ತನಕ ಪಾಠ ಮಾಡ್ತೀನಿ. ಗಾರ್ಮೆಂಟ್ಸಲ್ಲಿ ಅರವತ್ತರ ತನಕ ಮಿಷಿನ್ ತುಳಿದವರನ್ನ ನೀವು ಎಷ್ಟು ಜನರನ್ನ ನೋಡಿದ್ದೀರ? ಬೆಳಿಗ್ಗೆ ಏಳೂವರೆಗೆ ಗಾಡಿ ಹತ್ತಿದ್ರೆ ರಾತ್ರಿ ಏಳಕ್ಕೆ ಮನೆ. ಮಗಳು ಬರೋ ವರ್ಷ ಒಂಬತ್ತು, ಆಮೇಲೆ ಎಸ್ಸೆಸ್ಸೆಲ್ಸಿ. ಗಣಿತ ಯಾರು ಹೇಳ್ಕೊಡೋದು?

ಮಾವ: ಸರ್ಕಾರಿ ಕೆಲಸ?

ಸೊಸೆ: ಟಿಇಟಿ ಬರೀತೀನಿ. ಆದ್ರೆ ಅದನ್ನ ಹಾಳೆ ಮೇಲೆ ಬರ್ದಿಲ್ಲ.

ಮಾವ: ಬರೀಲೂ ಬೇಡ. ನೇಮಕಾತಿ ಯಾವಾಗ ಕರೀತಾರೋ, ಕರೆದ್ಮೇಲೆ ಯಾವ ಕೋರ್ಟಲ್ಲಿ ನಿಲ್ಲುತ್ತೋ. ಬಂದ್ರೆ ಅದು ಹಬ್ಬ, ಮನೆ ಲೆಕ್ಕ ಅಲ್ಲ. ಇನ್ನೊಂದು ಕೇಳ್ತೀನಿ. ಮನೇಲೇ ಕೂತು ದೂರಶಿಕ್ಷಣದಲ್ಲಿ ಓದಕ್ಕಾಗಲ್ವ?

ಸೊಸೆ: ವಿಚಾರಿಸ್ದೆ. ಡಿ.ಎಡ್. ಥರದ ತರಬೇತಿ ಮೊದಲೇ ಆಗಿರೋರಿಗೆ ಮಾತ್ರ ಅದು. ನಂದು ಬರೀ ಬಿ.ಎಸ್ಸಿ. ಕಾಲೇಜಿಗೆ ಹೋಗಿಯೇ ಓದಬೇಕು. ತರಗತಿಗೆ ಶೇ 80 ಹಾಜರಿ, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ 90.

ಮಾವ: ಹಾಗಾದ್ರೆ ಓದು. ಖಾತೆ ಮುಗೀತು. ಈಗ ಕಿರ್ದಿ ತೆಗಿ.

ಸೊಸೆ: ಅಂದ್ರೆ?

ಮಾವ: ಸಂಘದಲ್ಲಿ ನಮಗೆ ಎರಡು ಪುಸ್ತಕ. ಖಾತೆ ಪುಸ್ತಕ ನೋಡಿದ್ರೆ ವ್ಯವಹಾರ ಲಾಭವೋ ನಷ್ಟವೋ ಗೊತ್ತಾಗುತ್ತೆ. ಕಿರ್ದಿ ಹೇಳೋದು ಇವತ್ತು ಸಂಜೆ ಪೆಟ್ಟಿಗೇಲಿ ಎಷ್ಟು ರೊಕ್ಕ ಇದೆ ಅಂತ. ಖಾತೇಲಿ ಚೆನ್ನಾಗಿ ಲಾಭ ಇದ್ದು, ಕಿರ್ದೀಲಿ ಕಾಸಿಲ್ದೆ ಬಾಗಿಲು ಹಾಕಿದ ಸಂಘ ನಾನು ನೋಡಿದ್ದೀನಿ. ನೀನು ಈಗ ಗೆದ್ದಿದ್ದು ಖಾತೆಯ ವಾದ. ಅಂಗಡಿಯವನು, ಗ್ಯಾಸಿನವನು ಇಬ್ಬರೂ ಖಾತೆ ಕೇಳಲ್ಲ. ಕೆಲಸ ಹೇಗಾದ್ರೂ ಹೋಗ್ಲಿ, ಜನವರಿಯಿಂದ ಮನೆಗೆ ತಿಂಗಳಿಗೆ ಒಂಬತ್ತೂವರೆ ಸಾವಿರದ ತೂತು. ಅದನ್ನ ಯಾವುದ್ರಿಂದ ಮುಚ್ತೀಯ? ಅಳಿಯಂದ್ರ ದುಡಿಮೆ ಹೇಳು.

ಸೊಸೆ: ಅವರದ್ದು ಏಸ್ ಗಾಡಿ, ಮದ್ದೂರು ಮಾರ್ಕೆಟ್ಟಿಂದ ಬೆಂಗಳೂರಿಗೆ ಎಳನೀರು. ಡೀಸೆಲ್ಲು, ಗಾಡಿ ಕಂತು ಕಳೆದು ಫೆಬ್ರವರಿಯಿಂದ ಮೇ ತನಕ 30,000 ಉಳಿಯುತ್ತೆ. ಮಳೆ ಬಿತ್ತು ಅಂದ್ರೆ 16,000. ಚಳಿಗಾಲಾನೂ ಅಷ್ಟೇ, ಎಳನೀರು ಯಾರು ಕುಡೀತಾರೆ? ಮನೇಲಿ ನಮ್ಮತ್ತೆ ಎರಡು ಸೀಮೆ ಹಸು ನೋಡ್ಕೊತಾರೆ. ಹಿಂಡಿ ಬೂಸಾ ಕಳೆದು ಡೈರಿ ಬಟವಾಡೆ ತಿಂಗಳಿಗೆ 5,000. ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಬೇರೆ, ಅದು ಬಂದಾಗ ಬಂತು. ಗೃಹಲಕ್ಷ್ಮಿ 2,000...

ಮಾವ: ನಿಲ್ಸು. ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಯಾರು?

ಸೊಸೆ: ಅತ್ತೆ.

ಮಾವ: ಹಾಗಾದ್ರೆ ಅದು ಅವರ ದುಡ್ಡು. ಬಿ.ಪಿ. ಮಾತ್ರೆ, ಮಗಳ ಮನೆಗೆ ಹೋಗೋ ದಿನದ ಹಣ್ಣು ಕಾಯಿ, ಅವರಿಗೂ ಒಂದು ಕೈಖರ್ಚು ಬೇಡ್ವ? ಅವರಾಗಿ ಕೊಟ್ರೆ ಈಸ್ಕೋ. ನಿನ್ನ ಹಾಳೇಲಿ ಬರೀಬೇಡ. ಮನೆ ಖರ್ಚು?

ಸೊಸೆ: ಎಲ್ಲ ಸೇರಿ 26,000. ಮಕ್ಕಳ ಫೀಸು, ಚೀಟಿ 2,000, ಮಗಳ ಸುಕನ್ಯಾ ಖಾತೆಗೆ 1,000 ಅದರೊಳಗೇ ಬಂತು.

ಮಾವ: ಬರಿ. ಕೆಟ್ಟ ತಿಂಗಳು 16,000ಕ್ಕೆ 5,000 ಸೇರಿಸಿದ್ರೆ 21,000. ಖರ್ಚು 26,000. ತಿಂಗಳಿಗೆ 5,000 ಕೊರೆ. ಅಂಥ ಎಂಟು ತಿಂಗಳಿಗೆ 40,000. ಒಳ್ಳೆ ತಿಂಗಳಲ್ಲಿ 35,000 ಬಂದು 9,000 ಮಿಗುತ್ತೆ. ನಾಲ್ಕು ತಿಂಗಳಿಗೆ 36,000. ವರ್ಷ ಪೂರ್ತಿ ಕೂಡಿದ್ರೆ ಎಷ್ಟು ಕಮ್ಮಿ?

ಸೊಸೆ: ನಾಲ್ಕೇ ಸಾವಿರ! ಅಷ್ಟೇನಾ ಮಾವ?

ಮಾವ: ಅದನ್ನ ನೋಡಿ ಸಮಾಧಾನ ಪಟ್ಕೊಂಡವರೇ ಸಾಲಕ್ಕೆ ಬೀಳೋದು. ಕಳೆದ ಬೇಸಿಗೇಲಿ ಮಿಕ್ಕ ದುಡ್ಡು ಏನಾಯ್ತು?

ಸೊಸೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಯುಗಾದಿ ಬಂತು. ಆಮೇಲೆ ಊರ ಹಬ್ಬ. ಗಾಡಿಗೆ ಎರಡು ಟೈರು. ನಾದಿನಿ ಮನೆ ಗೃಹಪ್ರವೇಶಕ್ಕೆ ಮುಯ್ಯಿ.

ಮಾವ: ಟೈರು ಸರಿ. ನಮ್ಮಪ್ಪನ ಕಾಲಕ್ಕೆ ರಾಗಿನ ನೆಲದೊಳಗಿನ ಹಗೇವಿಗೆ ತುಂಬೋರು. ಕಣದಲ್ಲಿ ರಾಶಿ ಮಾಡಿದ ದಿನ ಊರೆಲ್ಲ ಸಾಹುಕಾರರೇ. ಹಗೇವಿಗೆ ಹಾಕಿ ಮೇಲೆ ಮಣ್ಣು ಮುಚ್ಚಿದ್ರೆ ಬೇಕಂದ ಗಳಿಗೇಲಿ ತೆಗೆಯೋಕಾಗ್ತಿರ್ಲಿಲ್ಲ. ಬಾಯಿ ಬಿಚ್ಚಬೇಕು, ಒಳಗಿನ ಕಾವು ಹೋಗೋ ತನಕ ಕಾಯಬೇಕು, ಆಮೇಲೆ ಆಳು ಇಳೀಬೇಕು. ಆ ತಾಪತ್ರಯ ಇದ್ದದ್ದಕ್ಕೇ ರಾಗಿ ಉಳೀತಿತ್ತು. ನಿಮ್ಮ ಫೋನಲ್ಲಿರೋ ದುಡ್ಡಿಗೆ ಬಾಗಿಲೇ ಇಲ್ಲ. ಅಂಚೆ ಕಚೇರೀಲಿ ಬೇರೆ ಖಾತೆ ಮಾಡು. ಎ.ಟಿ.ಎಂ. ಬೇಡ, ಫೋನಿಗೂ ಜೋಡಿಸ್ಬೇಡ. ಫೆಬ್ರವರಿಯಿಂದ ಮೇ ತನಕ ತಿಂಗಳು ತಿಂಗಳು 9,000 ಅಲ್ಲಿಗೆ ಹಾಕು. ಜೂನಿಂದ ಒಂದನೇ ತಾರೀಕು 5,000 ಮಾತ್ರ ತೆಗಿ. ಹೋಗಿ ಸಾಲಲ್ಲಿ ನಿಂತು ತೆಗೀಬೇಕು, ಅದೇ ನಿನ್ನ ಹಗೇವು.

(ಕಾಲೇಜಿಗೆ ಮರಳುವ ಗೃಹಸ್ಥರಿಗೆ ಸಾಮಾನ್ಯವಾಗಿ ಸಿಗುವ ಬುದ್ಧಿವಾದ ‘ಖರ್ಚು ಕಡಿಮೆ ಮಾಡಿ’ ಎಂಬುದು. ಇಪ್ಪತ್ತಾರು ಸಾವಿರದಲ್ಲಿ ಐದು ಹೊಟ್ಟೆ ಸಾಕುವವರಿಗೆ ಅದನ್ನು ಹೇಳುವವರಿಗೆ ನಾಚಿಕೆ ಇರಬೇಕು. ಮಾವ ಆ ಮಾತು ಎತ್ತಲಿಲ್ಲ.)

ಸೊಸೆ: ಸಂಜೆ ಮನೆಪಾಠ ಮಾಡ್ತೀನಿ. ಎಂಟು ಮಕ್ಕಳು ಬರ್ತೀವಿ ಅಂದಿದ್ದಾರೆ, ತಲೆಗೆ 400. ತಿಂಗಳಿಗೆ 3,200, ವರ್ಷಕ್ಕೆ ಒಂಬತ್ತು ತಿಂಗಳು ಹಿಡಿದ್ರೂ 28,800.

ಮಾವ: ಮಂಡ್ಯದಿಂದ ಬಸ್ಸಿಳಿಯೋದು ಎಷ್ಟೊತ್ತಿಗೆ?

ಸೊಸೆ: ಆರಾಗುತ್ತೆ. ಆರೂವರೆಯಿಂದ ಎಂಟು.

ಮಾವ: ಅಡುಗೆ?

ಸೊಸೆ: ಅತ್ತೆ ಮುದ್ದೆ ತಿರುವ್ತಾರೆ. ಸಾರು ಬೆಳಿಗ್ಗೇನೇ ಮಾಡಿಟ್ಟಿರ್ತೀನಿ.

ಮಾವ: ಮೊದಲ ವರ್ಷ ನಡೆಯುತ್ತೆ. ಎರಡನೇ ವರ್ಷ?

ಸೊಸೆ: ಅದೇ ಭಯ. ಎರಡು ವರ್ಷದ ಕೋರ್ಸಲ್ಲಿ 20 ವಾರ ಶಾಲೆಗೆ ಹೋಗಿ ಪಾಠ ಮಾಡಬೇಕು, ಅದ್ರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಬಿಡಿಗಾಸಿಲ್ಲ. ರಾತ್ರಿ ಹನ್ನೆರಡರ ತನಕ ಪಾಠಯೋಜನೆ ಬರೀಬೇಕಂತೆ. ಆ ನಾಲ್ಕು ತಿಂಗಳು ಮನೆಪಾಠ ಬಿಡಬೇಕಾಗುತ್ತೆ.

ಮಾವ: 12,800 ಹೋಯ್ತು. ಈಗ್ಲೇ ಬರ್ಕೋ, ಆಗ ಎದೆ ಒಡ್ಕೊಳೋದು ಬೇಡ. ಈಗ ಫೀಸಿನ ವಿಷಯ ಹೇಳು. ಎಲ್ಲಿಂದ ತರ್ತೀಯ?

ಸೊಸೆ: ಒಂದು ದಾರಿ ಇದೆ, ಬೈಬೇಡಿ. ಅತ್ತೆ ಹೆಸರಲ್ಲಿ ಮುಕ್ಕಾಲು ಎಕರೆ ಗದ್ದೆ ಇದೆ. ಸಂಘದ ಬೆಳೆ ಸಾಲ ಸೊನ್ನೆ ಬಡ್ಡಿ...

ಮಾವ: ನನ್ನ ಹತ್ರಾನೇ ಹೇಳ್ತೀಯಲ್ಲ! ಐದು ಲಕ್ಷದ ತನಕ ಸೊನ್ನೆ ಬಡ್ಡಿ ನಿಜ. ಆದ್ರೆ ಮುಕ್ಕಾಲು ಎಕರೆಗೆ ಬೆಳೆ ನೋಡಿ ಎಷ್ಟು ಕೊಡ್ತಾರೋ ಅಷ್ಟೇ. ವಾಯಿದೆ ದಿನಕ್ಕೆ ಪೂರ್ತಿ ಕಟ್ಟಿದ್ರೆ ಮಾತ್ರ ಆ ಸೊನ್ನೆ. ಕಟ್ಟದಿದ್ರೆ ಬಡ್ಡಿ ನಿನ್ನ ತಲೆಗೇ. ಬೆಳೆ ಸಾಲ ಬೆಳೆ ಮೇಲೆ ತೀರುತ್ತೆ. ಎರಡು ವರ್ಷ ಫಸಲೇ ಕೊಡದ ಓದಿನ ಮೇಲೆ ಹಾಕಿದ್ರೆ ವರ್ಷಕ್ಕೊಂದ್ಸಲ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ನವೀಕರಣ ಮಾಡಿಸ್ತೀಯ. ಅರ್ಧ ಊರು ಮಾಡೋದೇ ಅದು. ನಾನೇ ಮೂವತ್ತೊಂದು ವರ್ಷ ಅದಕ್ಕೆ ರಸೀದಿ ಹಾಕಿದ್ದೀನಿ.

ಸೊಸೆ: ಹಾಗಾದ್ರೆ ಹೆಂಗಸರ ಗುಂಪು ಸಾಲ? ಮನೆ ಬಾಗಿಲಿಗೇ ಬರ್ತಾರೆ, ಜಾಮೀನು ಕೇಳಲ್ಲ. 50,000ಕ್ಕೆ ನೂರಕ್ಕೆ ಒಂದೇ ರೂಪಾಯಿ ಬಡ್ಡಿ ಅಂದ್ಳು ಪಕ್ಕದ ಮನೆಯವಳು.

ಮಾವ: ಎರಡು ವರ್ಷಕ್ಕಾ? ಕಂತು ಎಷ್ಟಂತೆ?

ಸೊಸೆ: ತಿಂಗಳಿಗೆ ಎರಡು ಸಾವಿರದ ಐನೂರ ಎಂಬತ್ತೋ ಏನೋ.

ಮಾವ: 2,583. ನೂರಕ್ಕೆ ಒಂದು ರೂಪಾಯಿಯಂತೆ 24 ತಿಂಗಳಿಗೆ 12,000 ಬಡ್ಡೀನ ಮೊದಲೇ ಅಸಲಿಗೆ ಕೂಡಿಸಿ ಭಾಗ ಮಾಡಿದ್ದಾರೆ. ಹನ್ನೆರಡು ತಿಂಗಳು ಕಳೆಯೋ ಹೊತ್ತಿಗೆ ಅಸಲಿನ ಅರ್ಧದ ಹತ್ತಿರ ತೀರಿಸಿರ್ತೀಯ, ಆದ್ರೆ ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ಕಟ್ತಾ ಇರ್ತೀಯ. ಉಳಿಕೆ ಅಸಲಿನ ಮೇಲೆ ಹಿಡಿದು ನೋಡಿದ್ರೆ ಅದು ಒಂದು ರೂಪಾಯಿ ಬಡ್ಡಿ ಅಲ್ಲ, 1 ರೂಪಾಯಿ 80 ಪೈಸೆ. ವರ್ಷಕ್ಕೆ ಶೇ 21ರ ಮೇಲೆ.

ಸೊಸೆ: ಬಿ.ಎಸ್ಸಿ.ಲಿ ಗಣಿತ ಓದಿದ್ದೀನಿ. ಇದು ಹೊಳೀಲಿಲ್ಲ.

ಮಾವ: ಕೈಗೆ ದುಡ್ಡು ಬರೋವಾಗ ಯಾರಿಗೂ ಹೊಳೆಯಲ್ಲ. ಬಡ್ಡಿಗಿಂತ ಕೆಟ್ಟದ್ದು ಇನ್ನೊಂದಿದೆ. ಮೊದಲ ಕಂತು ಮುಂದಿನ ತಿಂಗಳೇ. ಈಗ್ಲೇ 5,000 ತೂತು, ಅದರ ಪಕ್ಕದಲ್ಲಿ 2,583ರ ಇನ್ನೊಂದು. ಮನೆ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಸಾಲದ ಕಂತಿಗೆ ಹೋಗಬಾರ್ದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಆದ್ರೆ ನಿಮ್ಮ ಗಾಡಿ ಕಂತು ಯಾರು ಕೇಳ್ತಾರೆ? 2025ರಲ್ಲಿ ನಮ್ಮ ಸರ್ಕಾರ ಕಾನೂನು ತಂತು, ವಸೂಲಿಗೆ ಕಿರುಕುಳ ಕೊಟ್ರೆ ಹತ್ತು ವರ್ಷದ ತನಕ ಜೈಲು ಅಂತ. ಅದು ಕಿರುಕುಳಕ್ಕೆ ಕಣವ್ವ, ಕಂತಿಗಲ್ಲ. ಕಂತು ಕಟ್ಟಲೇಬೇಕು.

ಸೊಸೆ: ಬ್ಯಾಂಕಿಗೂ ಹೋಗಿದ್ದೆ. ಅಲ್ಲಿದ್ದವರು ಮಕ್ಕಳಿಗಾ ಸಾಲ ಅಂತ ಕೇಳಿದ್ರು. ನನಗೇ ಅಂದೆ. ಈ ವಯಸ್ಸಲ್ಲಾ ಅಂತ ನಕ್ರು. ಫಾರಂ ಕೇಳದೆ ಎದ್ದು ಬಂದೆ.

ಮಾವ: ಅದು ನೀನು ಮಾಡಿದ ತಪ್ಪು. ನಕ್ಕಿದ್ದು ಅವರ ತಪ್ಪು. ಬ್ಯಾಂಕುಗಳ ಸಂಘ ಮಾಡಿರೋ ಮಾದರಿ ಶಿಕ್ಷಣ ಸಾಲದಲ್ಲಿ ವಯಸ್ಸಿನ ಕಟ್ಟುಪಾಡಿಲ್ಲ. ಮದುವೆಯಾದವರು ಓದಿದ್ರೆ ಗಂಡನೋ ಹೆಂಡತಿಯೋ ಅತ್ತೆ ಮಾವನೋ ಜೊತೆಗೆ ಸಹಿ ಹಾಕಬಹುದು ಅಂತಾನೇ ಬರ್ದಿದೆ. ನಾಲ್ಕು ಲಕ್ಷದ ಒಳಗೆ ಕೈಯಿಂದ ಪಾಲು ಹಾಕೋದೂ ಬೇಡ, ಅಡಮಾನಾನೂ ಬೇಡ. ಕಂತು ಶುರುವಾಗೋದು ಕೋರ್ಸು ಮುಗಿದು ಒಂದು ವರ್ಷ ಆದ್ಮೇಲೆ. ಅಲ್ಲೀ ತನಕ ಸರಳ ಬಡ್ಡಿ. ಆ ಬಡ್ಡೀನ ಆಗಾಗ್ಗೆ ಕಟ್ತಾ ಹೋದ್ರೆ ದರದಲ್ಲಿ ಶೇ 1ರ ತನಕ ರಿಯಾಯಿತಿ. ನಿನ್ನ ಕಿರ್ದಿಗೆ ಸರಿಹೊಂದೋ ಸಾಲ ಇದೊಂದೇ.

ಸೊಸೆ: ಎಷ್ಟು ತಗೊಳ್ಲಿ? ನಾಲ್ಕು ಲಕ್ಷ ಕೊಡ್ತಾರೆ ಅಂದ್ರೆ...

ಮಾವ: ಕೊಡ್ತಾರೆ ಅಂತ ತಗೋಬೇಡ. 60,000. ಶೇ 10 ಬಡ್ಡಿ ಅಂದ್ಕೊಂಡ್ರೂ ಪೂರ್ತಿ ತಗೊಂಡ ಮೇಲೆ ತಿಂಗಳಿಗೆ 500. ಮನೆಪಾಠದಲ್ಲಿ ಒಂದು ಮಗುವಿನ ಫೀಸಿಗಿಂತ ವಸಿ ಜಾಸ್ತಿ. ಆದಾಯ ತೆರಿಗೆ ಕಟ್ಟೋರಿಗೆ ಈ ಬಡ್ಡಿ ಮೇಲೆ ಎಂಟು ವರ್ಷ ವಿನಾಯಿತಿ ಉಂಟು, ಅದೂ ಹಳೇ ಪದ್ಧತೀಲಿ. ನಿಮಗೆ ಬೇಕಾಗಿಲ್ಲ.

ಸೊಸೆ: ಸಾಲ ಮಂಜೂರಾಗೋಕೆ ದಿನ ಹಿಡಿಯುತ್ತೆ. ಫೀಸಿಗೆ ಈ ತಿಂಗಳ 28 ಕಡೇ ದಿನ.

ಮಾವ: ಎರಡು ಕಂತು ಮಾಡಿಕೊಡಿ ಅಂತ ಪ್ರಾಂಶುಪಾಲರಿಗೆ ಅರ್ಜಿ ಕೊಡು. ಬಾಯಲ್ಲಿ ಕೇಳ್ಬೇಡ, ಬರೆದು ಕೊಟ್ಟು ಸ್ವೀಕೃತಿ ಹಾಕಿಸ್ಕೋ. ಮೊದಲ 20,000ಕ್ಕೆ ಒಡವೆ ಏನಿದೆ?

ಸೊಸೆ: 16 ಗ್ರಾಮಿನ ಸರ. ಅದನ್ನ ಮಾರೇ ಬಿಡೋಣ ಅಂತಿದ್ದೆ.

ಮಾವ: ಸಂಘದಲ್ಲಿ ಒತ್ತೆ ಇಡು, 20,000ಕ್ಕೆ ಮಾತ್ರ. ಚಿನ್ನದ ಈಗಿನ ಬೆಲೆಗೆ ಅದರ ಮೇಲೆ ಇನ್ನೂ ಎಷ್ಟೋ ಕೊಡ್ತೀವಿ ಅಂತಾರೆ, ಬೇಡ ಅನ್ನು. ಫೆಬ್ರವರಿ, ಮಾರ್ಚಲ್ಲಿ ಮಿಗೋ ದುಡ್ಡಿಗೆ ಮನೆಪಾಠದ್ದೂ ಸೇರಿಸಿ ಮೊದಲು ಸರ ಬಿಡಿಸ್ಕೋ, ಹಗೇವು ಏಪ್ರಿಲಿಂದ ತುಂಬು. ಹಗೇವಿಗೆ ಬೀಳೋ ಕೊರತೆ ಮನೆಪಾಠದ ದುಡ್ಡಲ್ಲಿ ತುಂಬುತ್ತೆ. ಬಿಡಿಸ್ಕೊಳೋ ದಿನ ಗೊತ್ತಿದ್ರೆ ಒತ್ತೆ. ಗೊತ್ತಿಲ್ಲ ಅಂದ್ರೆ ಮಾರೋದೇ ಮೇಲು. ಇದನ್ನ ಹೇಳಿದ್ರೆ ಜನಕ್ಕೆ ಕೋಪ ಬರುತ್ತೆ. ಆದ್ರೆ ಮೂರು ವರ್ಷ ಬಡ್ಡಿ ಕಟ್ಟಿ, ಹರಾಜು ನೋಟೀಸು ಬಂದ್ಮೇಲೆ ಕೌಂಟರ್ ಮುಂದೆ ಅತ್ತ ಹೆಣ್ಮಕ್ಕಳನ್ನ ನಾನು ನೋಡಿದ್ದೀನಿ.

ಸೊಸೆ: ಚೀಟಿ 20 ತಿಂಗಳದ್ದು, 11 ಕಟ್ಟಿದ್ದೀನಿ. ಈಗ್ಲೇ ಕೂಗಿ ಎತ್ತಿಬಿಟ್ರೆ?

ಮಾವ: ಎಷ್ಟು ಬಿಟ್ಟು ಕೂಗ್ತಾರೆ ಈಗ?

ಸೊಸೆ: ಆರು ಸಾವಿರ, ಏಳು ಸಾವಿರ.

ಮಾವ: 40,000ದಲ್ಲಿ ಏಳು ಬಿಟ್ರೆ ಅದೇ ಒಂದು ದೊಡ್ಡ ಬಡ್ಡಿ. ಕಡೇ ಚೀಟಿ ತಗೋ. ಅದನ್ನೂ ಫೀಸಿಗೆ ಅಂತ ನೆಚ್ಕೋಬೇಡ. ಊರ ಚೀಟಿ, ನೋಂದಣಿ ಇಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನಡೆಸೋ ಹಾಗೇ ಇಲ್ಲ. ಬಂದ್ರೆ ಗಾಡಿ ರಿಪೇರಿಗೋ ಆಸ್ಪತ್ರೆಗೋ ಇರ್ಲಿ. ಅದು ಮುಗಿದ್ಮೇಲೆ ತಿಂಗಳಿಗೆ 2,000 ಉಳಿಯುತ್ತಲ್ಲ, ಎರಡನೇ ವರ್ಷ ಮನೆಪಾಠ ನಿಂತಾಗ ಅದೇ ಕೈ ಹಿಡಿಯುತ್ತೆ. ಆಸ್ಪತ್ರೆ ಅಂದಾಗ ನೆನಪಾಯ್ತು, ಯಶಸ್ವಿನಿ ಮಾಡ್ಸಿದ್ದೀಯ?

ಸೊಸೆ: ಹೋದ ವರ್ಷ ತಪ್ಪೋಯ್ತು.

ಮಾವ: ಅತ್ತೆ ಡೈರಿ ಸದಸ್ಯರು. ಹಳ್ಳಿ ಕಡೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500, ಐದನೆಯವರಿಗೆ ಇನ್ನು 100. ಐದು ಲಕ್ಷದ ತನಕ ಚಿಕಿತ್ಸೆ. ನೋಂದಣಿ ಶುರುವಾದ ದಿನವೇ ಮಾಡ್ಸು. ಮತ್ತೆ ಸುಕನ್ಯಾ ಖಾತೆಗೆ 1,000 ಕಟ್ಟೋದು ಎರಡು ವರ್ಷ ನಿಲ್ಸು.

ಸೊಸೆ: ಅದು ಮಾತ್ರ ಆಗಲ್ಲ.

ಮಾವ: ಮುಚ್ಚು ಅನ್ನಲಿಲ್ಲವ್ವ. ವರ್ಷಕ್ಕೆ 250 ಕಟ್ಟಿದ್ರೆ ಖಾತೆ ಜೀವಂತ ಇರುತ್ತೆ. ಹತ್ತನೇ ಕ್ಲಾಸ್ ಪಾಸಾದ್ಮೇಲೆ ಅವಳ ಓದಿಗೆ ಅರ್ಧ ತನಕ ತೆಗೀಬಹುದು. ನೀನು ಕೆಲಸಕ್ಕೆ ಸೇರಿದ್ಮೇಲೆ ಜಾಸ್ತಿ ಕಟ್ಕೋ.

ಸೊಸೆ: ಅಮ್ಮ ಓದೋಕೆ ನನ್ನ ದುಡ್ಡು ನಿಲ್ಸಿದ್ಳು ಅಂತ ಅವಳು ನಾಳೆ ಅಂದ್ರೆ?

ಮಾವ: ಅವಳನ್ನೇ ಕೇಳು.

ಸೊಸೆ: ಹದಿಮೂರು ವರ್ಷದವಳನ್ನ ಏನಂತ ಕೇಳ್ಲಿ? ತಿಂಗಳಿಗೆ 500 ಕಟ್ತೀನಿ. ಅದಕ್ಕಿಂತ ಕಮ್ಮಿ ಮಾಡಲ್ಲ.

ಮಾವ: ಆಯ್ತು. ನಿನ್ನ ಮಗಳು, ನಿನ್ನ ಲೆಕ್ಕ. (ಹಾಳೆಯಲ್ಲಿ 1,000 ಹೊಡೆದು 500 ಬರೆಯುತ್ತಾರೆ.) ಇದನ್ನೆಲ್ಲ ಅಳಿಯಂದ್ರಿಗೆ ಹೇಳಿದ್ದೀಯ?

ಸೊಸೆ: ಓದು ಅಂದಿದ್ದಾರೆ. ಫೀಸು ಒಂದು ಲಕ್ಷ ಅಂತ ಗೊತ್ತು. ಉಳಿದದ್ದು... ರಾತ್ರಿ ಎರಡಕ್ಕೆ ಬೆಂಗಳೂರಿಂದ ಬಂದು ಮಲಗೋರ ಮುಂದೆ ಹಾಳೆ ಹೇಗೆ ಹಿಡೀಲಿ ಮಾವ?

ಮಾವ: ಹಿಡೀಬೇಕು. ಓದು ಅಂತ ಮನಸಾರೆ ಹೇಳಿದ ಗಂಡಸರೇ ಆರನೇ ತಿಂಗಳಿಗೆ ಓದಿದ್ದು ಸಾಕು ಅನ್ನೋದು. ಕೆಟ್ಟವರು ಅಂತಲ್ಲ. ಆ ಒಂಬತ್ತೂವರೆ ಸಾವಿರ ಬರ್ತಾ ಇಲ್ಲ ಅಂತ ಅವರಿಗೆ ತಿಳಿಯೋದು ಅಂಗಡಿಯವನು ಬಾಕಿ ಕೇಳಿದ ದಿನ, ನಾಲ್ಕು ಜನರ ಮುಂದೆ. ಅದಕ್ಕಿಂತ ಮೊದಲು ಈ ಹಾಳೆ ನೋಡಿರಬೇಕು. ಬರೋ ಭಾನುವಾರ ಕರ್ಕೊಂಡು ಬಾ.

ಸೊಸೆ: ಅತ್ತೇನೂ ಕರ್ಕೊಂಡು ಬರ್ತೀನಿ. ಸಂಜೆ ಮುದ್ದೆ ತಿರುವೋರು ಅವರು, ಹಸು ನೋಡ್ಕೊಳೋರು ಅವರು. ನಿಮ್ಮ ಹಾಳೇಲಿ ಅವರ ಹಾಲಿನ ದುಡ್ಡು ಬರೀತಾ ಇದ್ದೀವಿ, ಅವರನ್ನ ಕೇಳೇ ಇಲ್ಲ.

ಮಾವ: (ನಗುತ್ತಾ) ಮೂವತ್ತೊಂದು ವರ್ಷ ಲೆಕ್ಕ ಬರೆದವನಿಗೆ ಅದು ಹೊಳೀಲಿಲ್ಲ ನೋಡು.

ಸೊಸೆ: ಅಲ್ಲಿಗಂಟ ಈ ಹಾಳೆ ನಿಮ್ಮ ಹತ್ರಾನೇ ಇರ್ಲಿ.

ಮಾವ: ಬೇಡ, ತಗೊಂಡು ಹೋಗು. ನಾಳೆ ಸೋಮವಾರ, ಬ್ಯಾಂಕು ಹತ್ತು ಗಂಟೆಗೆ ತೆಗೀತಾರೆ. ಈ ಸಲ ಫಾರಂ ಇಲ್ದೆ ಎದ್ದು ಬರಬೇಡ.